ಮಳೆ ಹೊರಗೆ, ಬೆಳಕು ಒಳಗೆ: ಕರಾವಳಿಯ ಹಳೆಮನೆಯನ್ನು ಹೊಸದಾಗಿಸುವ ಬಗೆ

ಮಂಗಳೂರು, ಉಡುಪಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೂ ನಡುಕೋಣೆಯ ಲೈಟು ಉರಿಯುತ್ತಿರುತ್ತದೆ. ಅಡುಗೆಮನೆಗೆ ಹೋಗಬೇಕಾದರೆ ಎರಡು ಕತ್ತಲೆ ಕೋಣೆ ದಾಟಬೇಕು. ಎಂಬತ್ತು, ತೊಂಬತ್ತರ ದಶಕದಲ್ಲಿ ಕಟ್ಟಿದ ತಾರಸಿ ಮನೆಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಕೋಣೆಗಳು ಹೆಚ್ಚು, ಜಾಗ ಕಡಿಮೆ, ಮಾರ್ಚ್ ಬಂತೆಂದರೆ ಒಳಗೆ ಕೂರಲಾಗದ ಸೆಖೆ. ರಜೆಯಲ್ಲಿ ಊರಿಗೆ ಬಂದ ಮಕ್ಕಳು "ಇದನ್ನು ಕೆಡವಿ ಹೊಸದು ಕಟ್ಟುವ" ಎನ್ನುತ್ತಾರೆ. ಕೆಡವಲೇಬೇಕಾದ ಮನೆಗಳೂ ಇವೆ. ಆದರೆ ಪಾಯ ಕುಸಿಯದೆ, ಕೆಂಪುಕಲ್ಲಿನ ಗೋಡೆ ಬಿರುಕು ಬಿಡದೆ ನಿಂತಿದ್ದರೆ ಹೆಚ್ಚಿನ ಮನೆಗಳನ್ನು ಉಳಿಸಿಕೊಂಡೇ ಬೆಳಕು, ಗಾಳಿ, ಓಡಾಡುವ ಜಾಗ ಮೂರನ್ನೂ ಮಾಡಿಕೊಳ್ಳಬಹುದು.

ಮೊದಲೇ ಹೇಳಬೇಕಾದ ಮಾತೊಂದಿದೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಚೆನ್ನಾಗಿ ಕಾಣುವ ಮನೆಯ ಫೋಟೋ ತೋರಿಸಿ "ಹೀಗೇ ಮಾಡಿಕೊಡಿ" ಎಂದರೆ ಇಲ್ಲಿ ನಡೆಯುವುದಿಲ್ಲ. ಪಡುವಣ ಗೋಡೆ ಒಡೆದು ನೆಲದಿಂದ ಮಾಡಿನವರೆಗೆ (ಮಾಡು ಎಂದರೆ ಮನೆಯ ಚಾವಣಿ) ಗಾಜು ಹಾಕಿಸಿದವರು, ಸೂರು ಕತ್ತರಿಸಿ ಮನೆಗೆ ಹೊಸ ಮುಖ ಕೊಟ್ಟವರು ಜೂನ್ ಮೊದಲ ವಾರದಲ್ಲೇ ಟಾರ್ಪಾಲ್ ಹುಡುಕುತ್ತಾರೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ನೇರವಾಗಿ ಬೀಳದೆ ಪಡುವಣ, ನೈಋತ್ಯದ ಗಾಳಿಯ ಜತೆ ಓರೆಯಾಗಿ ಬಡಿಯುತ್ತದೆ. ತಗ್ಗಿದ ಸೂರು, ಸಣ್ಣ ಕಿಟಕಿ, ದಪ್ಪ ಗೋಡೆ ಎಲ್ಲವೂ ಆ ಎರಚಲಿಗೆ ಕೊಟ್ಟ ಉತ್ತರ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹಂಚು ಬಂತು, ಆದರೆ ಸೂರು ಇಳಿಸುವ ಪದ್ಧತಿ ಹಾಗೆಯೇ ಉಳಿಯಿತು. ಕತ್ತಲೆ ಕಳೆಯಲು ಹೊರಟಾಗ ಈ ರಕ್ಷಣೆಯನ್ನೂ ಕಳೆದುಕೊಂಡರೆ ಲಾಭವಿಲ್ಲ. ಮುಂದೆ ಹೇಳುವ ಎಲ್ಲ ಕೆಲಸಗಳ ಹಿಂದಿರುವ ಲೆಕ್ಕ ಇದೊಂದೇ: ಬೆಳಕನ್ನು ಮೇಲಿನಿಂದ, ಮೂಡಣದಿಂದ, ಬಡಗಣದಿಂದ ತರಬೇಕು. ಪಡುವಣ ಮತ್ತು ತೆಂಕಣದ ಸೂರನ್ನು ಮುಟ್ಟಬಾರದು.

ಮನೆಯನ್ನು ಓದುವುದು

ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಮನೆಯ ನಕ್ಷೆ ನೀವೇ ಬರೆಯಿರಿ. ಅಳತೆ ಹೆಚ್ಚು ಕಡಿಮೆಯಾದರೂ ತೊಂದರೆಯಿಲ್ಲ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಲೈಟು ಹಾಕದೆ ಪ್ರತಿ ಕೋಣೆಯಲ್ಲೂ ದಿನಪತ್ರಿಕೆ ಓದಲು ನೋಡಿ. ಎಲ್ಲಿ ಅಕ್ಷರ ಕಾಣುವುದಿಲ್ಲವೋ ಅಲ್ಲಿ ಗುರುತು ಹಾಕಿ. ಯಾವ ಗೋಡೆಯಲ್ಲಿ ಕಳೆದ ಮಳೆಗಾಲದ ಒದ್ದೆ ಕಲೆ ಇದೆ, ಎಲ್ಲಿ ಬೂಷ್ಟು ಬರುತ್ತದೆ, ಮನೆಯವರು ನಿಜವಾಗಿ ಎಲ್ಲಿ ಕೂರುತ್ತಾರೆ ಎನ್ನುವುದನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಜಗಲಿಯಲ್ಲೋ ಅಡುಗೆಮನೆಯ ಬಾಗಿಲಲ್ಲೋ ಕೂತಿರುತ್ತಾರೆ, ಸೋಫಾ ಇಟ್ಟ ಚಾವಡಿ ನೆಂಟರಿಗಾಗಿ ಕಾದಿರುತ್ತದೆ. ಜನ ಕೂರುವ ಜಾಗಕ್ಕೆ ಮೊದಲು ಬೆಳಕು ಕೊಡಿ. ಖರ್ಚು ಅಲ್ಲಿಂದಲೇ ಶುರುವಾಗಲಿ.

ಬಿಸಿಲಿನ ದಾರಿಯನ್ನೂ ಗಮನಿಸಬೇಕು. ಮಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ನಡು ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವೆ ಮಧ್ಯಾಹ್ನದ ಬಿಸಿಲು ಸ್ವಲ್ಪ ಬಡಗಣದಿಂದ ಬರುತ್ತದೆ, ಉಳಿದ ತಿಂಗಳುಗಳಲ್ಲಿ ತೆಂಕಣದಿಂದ. ಡಿಸೆಂಬರಿನಲ್ಲೂ ಅವನು ಮಧ್ಯಾಹ್ನ 53 ಡಿಗ್ರಿಗಿಂತ ಮೇಲೆಯೇ ಇರುವುದರಿಂದ ತೆಂಕಣದ ಗೋಡೆಗೆ ಎರಡೂವರೆ ಅಡಿ ಸೂರಿದ್ದರೆ ಕಿಟಕಿಯ ಮೇಲಿನ ಮೂರೂವರೆ ಅಡಿಯಷ್ಟು ಭಾಗ ನೆರಳಲ್ಲೇ ಉಳಿಯುತ್ತದೆ. ತೊಂದರೆ ಕೊಡುವುದು ಪಡುವಣ. ಸಂಜೆಯ ಬಿಸಿಲು ಸೂರಿನ ಕೆಳಗಿನಿಂದ ನುಗ್ಗುತ್ತದೆ. ಅದಕ್ಕೆ ಗಿಡಮರ, ಜಗಲಿ, ದಳಿ (ಮರದ ಪಟ್ಟಿಗಳ ಜಾಲರಿ) ಇವೇ ಮದ್ದು. ಗಾಜು ಖಂಡಿತ ಅಲ್ಲ.

ಯಾವ ಗೋಡೆ ಯಾರನ್ನು ಹೊತ್ತಿದೆ

ಕೆಂಪುಕಲ್ಲಿನ ಮನೆಯಲ್ಲಿ ಪಿಲ್ಲರ್ ಇರುವುದಿಲ್ಲ. ಗೋಡೆಯೇ ಭಾರ ಹೊರುವುದು. ಹಂಚಿನ ಮನೆಯಾದರೆ ಅಟ್ಟಕ್ಕೆ ಹತ್ತಿ ನೋಡಿ: ಪಕ್ಕಾಸುಗಳ (ಹಂಚು ಹೊರುವ ಓರೆ ಮರಗಳ) ತುದಿ, ಜಂತಿಗಳ ತಲೆ ಯಾವ ಗೋಡೆಯ ಮೇಲೆ ಕೂತಿದೆಯೋ ಅದು ಭಾರದ ಗೋಡೆ. ಮಾಡಿಗೆ ತಾಗದೆ ಅರ್ಧಕ್ಕೇ ನಿಂತ, ತೆಳುವಾದ, ನಂತರ ಕಟ್ಟಿದ ಅಡ್ಡಗೋಡೆಗಳು ಹೆಚ್ಚಾಗಿ ತೆಗೆಯಬಹುದಾದವು.

ತಾರಸಿ ಮನೆಯವರು ಎಡವುವುದು ಇಲ್ಲೇ. ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇದೆ, ಹಾಗಾಗಿ ಒಳಗಿನ ಯಾವ ಗೋಡೆ ತೆಗೆದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಕಡೆ ಆ ಕಾಲದ ಬಹಳಷ್ಟು ತಾರಸಿ ಮನೆಗಳಲ್ಲಿ ಸ್ಲ್ಯಾಬ್ ನೇರ ಕೆಂಪುಕಲ್ಲಿನ ಗೋಡೆಯ ಮೇಲೇ ಕೂತಿದೆ. ನಡುಗೋಡೆ ತೆಗೆದರೆ ಹತ್ತು ಅಡಿ ಹರವಿಗೆ ಹಾಕಿದ ಕಬ್ಬಿಣ ಇಪ್ಪತ್ತು ಅಡಿಯನ್ನು ಹೊರಬೇಕಾಗುತ್ತದೆ. ಇಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಮನೆಗೆ ಬಂದು ನೋಡದೆ ಒಂದು ಕಲ್ಲನ್ನೂ ಅಲುಗಾಡಿಸಬೇಡಿ. ಅವರ ಶುಲ್ಕ ಉಳಿಸಲು ಹೋಗಬೇಡಿ. ಫ್ಲ್ಯಾಟಿನಲ್ಲಿರುವವರಿಗೂ ಇದೇ ಮಾತು. ಕದ್ರಿ, ಬಿಜೈ, ಕಂಕನಾಡಿ ಕಡೆಯ ಎತ್ತರದ ಕಟ್ಟಡಗಳಲ್ಲಿ ಪಿಲ್ಲರ್ ಇರುವುದರಿಂದ ಒಳಗಿನ ಗೋಡೆಗಳು ಬರಿಯ ಅಡ್ಡಗೋಡೆಗಳಾಗಿರಬಹುದು. ಆದರೂ ಬಿಲ್ಡರ್ ಕೊಟ್ಟ ನಕ್ಷೆ ಮತ್ತು ಅಸೋಸಿಯೇಷನ್ ಒಪ್ಪಿಗೆ ಎರಡೂ ಕೈಯಲ್ಲಿರಲಿ.

ಕಾಗದಪತ್ರ, ಕುಟುಂಬ, ದೈವದ ಕೋಣೆ

ಬಣ್ಣ, ನೆಲ, ಹಂಚು ಬದಲಾವಣೆ ಒಂದು ಬಗೆ. ಗೋಡೆ ತೆಗೆಯುವುದು, ಮನೆ ವಿಸ್ತರಿಸುವುದು, ಮೇಲೆ ಕಟ್ಟುವುದು ಇನ್ನೊಂದು ಬಗೆ. ಎರಡನೆಯದಕ್ಕೆ ನೀವಿರುವಲ್ಲಿಗೆ ತಕ್ಕಂತೆ ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯತಿನಲ್ಲಿ ಪರವಾನಗಿ ವಿಚಾರಿಸಿ. ಸಮುದ್ರ, ನದಿ, ಹಿನ್ನೀರಿನ ದಡದ ಮನೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವನ್ನು ಮೊದಲೇ ಕೇಳಿಕೊಳ್ಳಬೇಕು.

ಇದಕ್ಕಿಂತ ಹೆಚ್ಚು ಕೆಲಸ ನಿಲ್ಲುವುದು ಕುಟುಂಬದ ಮಾತಿನಿಂದ. ಹಲವರ ಪಾಲಿರುವ ಮನೆಯಾದರೆ ಯಾವುದನ್ನು ತೆಗೆಯುತ್ತೇವೆ, ಯಾವುದನ್ನು ಉಳಿಸುತ್ತೇವೆ, ಖರ್ಚು ಯಾರದು ಎಂದು ಬರೆದು ಎಲ್ಲರ ಸಹಿ ಪಡೆಯಿರಿ. ದೈವದ ಕೋಣೆ, ದೇವರ ಕೋಣೆ, ತುಳಸಿಕಟ್ಟೆಗಳನ್ನು ಆದಷ್ಟು ಇದ್ದಲ್ಲೇ ಇಟ್ಟು ಉಳಿದದ್ದನ್ನು ಅವುಗಳ ಸುತ್ತ ಹೊಂದಿಸಿ. ವಾಸ್ತು ನೋಡಿಸುವವರು ನಕ್ಷೆಯ ಹಂತದಲ್ಲೇ ನೋಡಿಸಲಿ. ಗೋಡೆ ಒಡೆದ ಮೇಲೆ ಬಾಗಿಲ ದಿಕ್ಕು ಬದಲಿಸುವುದು ದುಡ್ಡಿಗೂ ಕಷ್ಟ, ಗೋಡೆಗೂ ಕಷ್ಟ.

ಒಡೆಯದೆಯೇ ಸಿಗುವ ಜಾಗ

ಮನೆ ಸಣ್ಣದೆನಿಸುವುದು ಗೋಡೆಯಿಂದಲೇ ಆಗಬೇಕೆಂದಿಲ್ಲ. ಅಕ್ಕಿಮುಡಿ ಬರುವುದು ನಿಂತ ಮೇಲೂ ನಡುಕೋಣೆಯ ಕಾಲುಭಾಗ ತಿನ್ನುವ ಪತ್ತಾಯ (ಧಾನ್ಯ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ), ಮೂರು ತಲೆಮಾರಿನ ಕಪಾಟು, ಗಾಜಿನ ಶೋಕೇಸು, ಬೀರು, ಕೆಟ್ಟ ಮಿಕ್ಸಿ: ಇವುಗಳನ್ನು ಒಮ್ಮೆ ಅಂಗಳಕ್ಕೆ ತಂದಿಟ್ಟು, ಖಾಲಿ ಮನೆಯಲ್ಲಿ ಒಂದು ಸುತ್ತು ಬನ್ನಿ. ಎಷ್ಟೋ ಸಲ "ಗೋಡೆ ತೆಗೆಯಬೇಕು" ಎಂಬ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಪತ್ತಾಯದ ಮರ ಹಲಸೋ ಬೋಗಿಯೋ ಆಗಿದ್ದರೆ ಗುಜರಿಗೆ ಹಾಕಬೇಡಿ. ಅದೇ ಹಲಗೆಯಿಂದ ಕಿಟಕಿಯ ಕೆಳಗೆ ಕೂರುವ ಬೆಂಚು ಮಾಡಿಸಿ, ಒಳಗೆ ಸಾಮಾನು ಇಡುವ ಜಾಗವೂ ಆಗುತ್ತದೆ.

ಗೋಡೆಯಲ್ಲೇ ಕಪಾಟು ಮಾಡಿಸುವಾಗ ಒಳಗೋಡೆಯನ್ನೇ ಆರಿಸಿ. ಹೊರಗೋಡೆಗೆ, ಅದರಲ್ಲೂ ಪಡುವಣದ್ದಕ್ಕೆ ತಾಗಿಸಿದರೆ ಆಟಿ ತಿಂಗಳು (ತುಳುವರ ಮಳೆಗಾಲದ ತಿಂಗಳು) ಮುಗಿಯುವ ಹೊತ್ತಿಗೆ ಸೀರೆಗಳಿಗೆ ಬೂಷ್ಟು ಹಿಡಿದಿರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಹಿಂದೆ ಎರಡು ಇಂಚು ಗಾಳಿ ಆಡಲು ಬಿಟ್ಟು, ಬಾಗಿಲಿಗೆ ಜಾಲಿ ಕೊಡಿ. ಪ್ಲೈವುಡ್ಡು ಐಎಸ್ 710 ಗುರುತಿನದ್ದೇ (ನೀರು ತಾಳುವ ಮರೈನ್ ಪ್ಲೈ) ಇರಲಿ. ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳು ನಮ್ಮ ತೇವಕ್ಕೆ ಉಬ್ಬುತ್ತವೆ.

ಬೆಳಕು ಮಾಡಿನಿಂದ

ಹಂಚಿನ ಮನೆಗೆ ಬೆಳಕು ತರುವ ಕೆಲಸಗಳಲ್ಲಿ ಖರ್ಚು ಕಡಿಮೆ, ಫಲ ಹೆಚ್ಚು ಎನ್ನಬಹುದಾದದ್ದು ಗಾಜಿನ ಹಂಚು. ಆಕಾಶದಿಂದ ನೇರ ಇಳಿಯುವ ಬೆಳಕು ಸೂರಿನಡಿಯ ಕಿಟಕಿಯಿಂದ ನುಸುಳುವ ಬೆಳಕಿಗಿಂತ ಎಷ್ಟೋ ಪಾಲು ಪ್ರಖರ. ಹತ್ತು ಹನ್ನೆರಡು ಅಡಿಯ ಕೋಣೆಗೆ ನಾಲ್ಕರಿಂದ ಆರು ಗಾಜಿನ ಹಂಚು ಸಾಕು. ಒಂದೇ ಕಡೆ ಗುಂಪಾಗಿ ಹಾಕಬೇಡಿ. ಎರಡೆರಡಾಗಿ, ಒಳಗೋಡೆಯ ಹತ್ತಿರ ಬರುವಂತೆ ಹಾಕಿದರೆ ಬೆಳಕು ಬಿಳಿ ಗೋಡೆಗೆ ಬಡಿದು ಕೋಣೆಯೆಲ್ಲ ಹರಡುತ್ತದೆ. ಮಾಡಿನ ಬಡಗಣ ಅಥವಾ ಮೂಡಣದ ಇಳಿಜಾರನ್ನು ಆರಿಸಿ. ಪಡುವಣದ ಇಳಿಜಾರಿನಲ್ಲಿ ಹಾಕಿದರೆ ಏಪ್ರಿಲ್‌ನ ಸಂಜೆಗಳಲ್ಲಿ ಅದರ ಕೆಳಗೆ ಮಲಗಲಾಗುವುದಿಲ್ಲ.

ಗಾಜಿನ ಹಂಚು ಕೊಳ್ಳಲು ಹೋಗುವಾಗ ನಿಮ್ಮ ಮಾಡಿನ ಒಂದು ಹಂಚನ್ನು ಕಡ್ಡಾಯವಾಗಿ ಜತೆಗೆ ಒಯ್ಯಿರಿ. ಬೇರೆ ಬೇರೆ ಕಾರ್ಖಾನೆಗಳ ಅಚ್ಚು ಬೇರೆ. ಹೊರನೋಟಕ್ಕೆ ಎಲ್ಲವೂ ಒಂದೇ ಆದರೂ ಪಕ್ಕದ ಗಾಡಿ (ಕೊರೆದ ಸಾಲು), ತಲೆಯ ಕೊಕ್ಕೆ ಒಂದಕ್ಕೊಂದು ಕೂರುವುದಿಲ್ಲ. ಅಂಗಡಿಯಲ್ಲೇ ನೆಲದ ಮೇಲೆ ಎರಡನ್ನೂ ಜೋಡಿಸಿ ನೋಡಿ. ಬೆರಳಿಗೆ ಸಂದು ಸಿಕ್ಕಿದರೆ ಅಲ್ಲಿ ನೀರು ಸೋರುತ್ತದೆ. ಒಡೆದವುಗಳ ಬದಲಿಗೆ ಹಳೆ ಹಂಚು ಕೊಳ್ಳುವಾಗಲೂ ಇದೇ ಕ್ರಮ. ಜತೆಗೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಒಳ್ಳೆಯ ಹಂಚು ಖಣ್ ಎನ್ನುತ್ತದೆ, ಒಳಬಿರುಕಿನದ್ದು ಮಂದವಾಗಿ ಸದ್ದು ಮಾಡುತ್ತದೆ.

ಕೋಣೆಗೆ ಮರದ ಮುಚ್ಚಿಗೆ ಇದ್ದರೆ ಗಾಜಿನ ಹಂಚಿನ ಬೆಳಕು ಅಟ್ಟದಲ್ಲೇ ಉಳಿಯುತ್ತದೆ. ಬ್ರಹ್ಮಾವರದ ಹತ್ತಿರದ ಒಂದು ಮನೆಯಲ್ಲಿ ಇದಕ್ಕೆ ಮಾಡಿದ ಉಪಾಯ ಅನುಕರಿಸುವಂಥದ್ದು. ಎರಡು ಜಂತಿಗಳ ನಡುವಿನ ಹಲಗೆಗಳನ್ನಷ್ಟೇ ಬಿಚ್ಚಿ, ಜಂತಿಯನ್ನು ಮುಟ್ಟದೆ, ಅಲ್ಲಿಂದ ಮಾಡಿನವರೆಗೆ ನಾಲ್ಕೂ ಬದಿಗೆ ಹಲಗೆಯ ಪೆಟ್ಟಿಗೆಯೊಂದನ್ನು ನಿಲ್ಲಿಸಿದ್ದಾರೆ. ಒಳಮೈಗೆ ಬಿಳಿ ಬಣ್ಣ, ಕೆಳಬಾಯಿಗೆ ಬಿಚ್ಚಿ ತೊಳೆಯಬಹುದಾದ ಮಬ್ಬು ಅಕ್ರಿಲಿಕ್ ಹಾಳೆ. ಮೇಲೆ ನಾಲ್ಕು ಗಾಜಿನ ಹಂಚು. ಬಾಣಂತಿ ಕೋಣೆಯಾಗಿ ಕತ್ತಲೆಯಲ್ಲಿದ್ದ ಜಾಗ ಈಗ ಮಕ್ಕಳು ಓದುವ ಕೋಣೆ. ಸಂಜೆ ಐದೂವರೆಯವರೆಗೆ ಅಲ್ಲಿ ಲೈಟಿನ ಅಗತ್ಯವೇ ಬೀಳುವುದಿಲ್ಲ.

ಗಾಜಿನ ಹಂಚಿನ ಮೇಲೆ ಪಾಚಿ ಕಟ್ಟುತ್ತದೆ, ಎಲೆ ಬೀಳುತ್ತದೆ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವಾಗ ಅದನ್ನೂ ಉಜ್ಜಿಸಿ. ಮಂಗಗಳ ಕಾಟವಿರುವಲ್ಲಿ ಕೆಳಗೆ ತೆಳು ಜಾಲರಿ ಕಟ್ಟಿಸುವುದು ಒಳ್ಳೆಯದು, ಒಡೆದರೂ ಚೂರು ತಲೆಯ ಮೇಲೆ ಬೀಳುವುದಿಲ್ಲ.

ಒಳಅಂಗಳವಿದ್ದ ಮನೆಯವರು ಭಾಗ್ಯವಂತರು. ಆದರೆ ಎಷ್ಟೋ ಕಡೆ ಮಳೆಗೆ ಬೇಸತ್ತು ಅದರ ಮೇಲೆ ಶೀಟು ಹೊದಿಸಿ, ಮನೆಯ ಶ್ವಾಸವನ್ನೇ ಕಟ್ಟಿದ್ದಾರೆ. ಶೀಟು ತೆಗೆದು, ಸುತ್ತಣ ಮಾಡಿಗಿಂತ ಒಂದೂವರೆ ಅಡಿ ಎತ್ತರಕ್ಕೆ ಪಾರದರ್ಶಕ ಪಾಲಿಕಾರ್ಬೊನೇಟ್ ಹೊದಿಕೆ ಕಟ್ಟಿಸಿ. ಅದು ಎಲ್ಲ ಬದಿಗೂ ಎರಡಡಿ ಹೊರಚಾಚಿರಲಿ. ನಡುವಿನ ಸಂದಿನಿಂದ ಸೆಖೆ ಹೊರಹೋಗುತ್ತದೆ, ಬೆಳಕು ಉಳಿಯುತ್ತದೆ, ಜೋರು ಗಾಳಿಗೆ ನಾಲ್ಕು ಹನಿ ಒಳಗೆ ಬಿದ್ದರೂ ಅಂಗಳದ ಹಳೆಯ ನೀರಕಂಡಿ ಸಾಗಿಸುತ್ತದೆ. ಆ ಕಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಒಳಅಂಗಳ ಹೇಗೆ ಕೆಲಸ ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕೆಂದಿದ್ದರೆ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ ಬನ್ನಿ. ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮರಳಿ ನಿಲ್ಲಿಸಿದ ಮನೆಗಳಲ್ಲಿ ಬೆಳಕು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಬಂದರೆ ನಿಮ್ಮ ಮನೆಯ ನಕ್ಷೆ ಬೇರೆಯೇ ಕಾಣುತ್ತದೆ.

ತಾರಸಿ ಮನೆಯಲ್ಲಿ ಸ್ಲ್ಯಾಬಿಗೆ ತೂತು ಕೊರೆಯುವ ಯೋಚನೆ ಬಿಡಿ. ಬೆಳಕು ಇಳಿಯಲು ಅಲ್ಲಿ ಮೊದಲೇ ಒಂದು ದಾರಿ ಇದೆ: ಮಹಡಿ ಮೆಟ್ಟಿಲ ಮೇಲಿನ ಕೋಣೆ. ಅದರ ಬಡಗಣ, ಮೂಡಣ ಗೋಡೆಗಳನ್ನು ಗಾಜಿನ ಲೂವರ್ (ಓರೆಯಾಗಿ ಜೋಡಿಸಿದ ಪಟ್ಟಿಗಳು) ಅಥವಾ ಜಾಲಿಯಾಗಿ ಬದಲಿಸಿ. ಮೇಲಿನಿಂದ ಬೆಳಕು ಇಳಿಯುತ್ತದೆ, ಕೆಳಗಿನ ಬಿಸಿಗಾಳಿ ಅದೇ ದಾರಿಯಲ್ಲಿ ಏರಿ ಹೊರಹೋಗುತ್ತದೆ. ಮೆಟ್ಟಿಲ ಬುಡದ ಬಾಗಿಲು ಸದಾ ಮುಚ್ಚಿಟ್ಟಿದ್ದರೆ ಅದನ್ನು ಜಾಲಿ ಬಾಗಿಲಾಗಿಸಿ.

ಕಿಟಕಿ: ಅಗಲಕ್ಕಿಂತ ಎತ್ತರ

ನಮ್ಮಂಥ ಸೆಖೆ, ತೇವ ಎರಡೂ ಇರುವ ಹವೆಗೆ ಕಿಟಕಿ ಬೆಳಕಿಂಡಿಗಳ ತೆರೆದ ಜಾಗ ನೆಲದ ಅಳತೆಯ ಆರನೇ ಒಂದು ಪಾಲಾದರೂ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 120 ಚದರಡಿಯ ಕೋಣೆಗೆ 20 ಚದರಡಿ. ಹಳೆಮನೆಯ ಎರಡಡಿ ಮೂರಡಿಯ ಒಂಟಿ ಕಿಟಕಿಗೆ ಸಿಗುವುದು ಬರೀ ಆರು.

ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಾಲು ದೂರದವರೆಗೆ ಒಳಗೆ ಒಳ್ಳೆಯ ಬೆಳಕು ತಲುಪುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಐದಡಿಗೆ ನಿಂತ ಕಿಟಕಿಯನ್ನು ಏಳಡಿಗೆ ಏರಿಸಿದರೆ ಕೋಣೆಯ ಹಿಂಗೋಡೆಯೂ ಬೆಳಗುತ್ತದೆ. ಅದಕ್ಕೇ ಅಗಲ ಮಾಡುವ ಮೊದಲು ಎತ್ತರ ಮಾಡಿ. ಎದುರು ಬದಿರು ಗೋಡೆಯಲ್ಲಿ ಒಂದೊಂದು ತೆರಪು ಇದ್ದರೆ ಮಾತ್ರ ಗಾಳಿ ಓಡುತ್ತದೆ. ಒಂದೇ ಗೋಡೆಯಲ್ಲಿ ಮೂರು ಕಿಟಕಿ ಇಟ್ಟರೂ ಫ್ಯಾನು ಬೇಕೇ ಬೇಕು. ಒಳಬಾಗಿಲುಗಳ ಮೇಲೆ ಒಂದಡಿಯ ದಳಿ ಕೊಟ್ಟರೆ ರಾತ್ರಿ ಬಾಗಿಲು ಮುಚ್ಚಿ ಮಲಗಿದರೂ ಗಾಳಿ ಹಾಯುತ್ತದೆ.

ಪಡುವಣದಲ್ಲಿ ಕಿಟಕಿ ಬೇಕೇ ಬೇಕೆಂದರೆ ಎತ್ತರದಲ್ಲಿ, ಸಣ್ಣದಾಗಿ, ಮೇಲೆ ಎರಡೂವರೆ ಅಡಿ ಮರೆ ಕೊಟ್ಟು ಇಡಿ. ಕಡಲಿಗೆ ಹತ್ತಿರದವರು ಕಬ್ಬಿಣದ ಗ್ರಿಲ್ಲಿನ ಆಸೆ ಬಿಡಬೇಕು, ಉಪ್ಪುಗಾಳಿಗೆ ಅದು ಬಾಳುವುದಿಲ್ಲ. ಮರದ ದಳಿ, ಯುಪಿವಿಸಿ, ಪೌಡರ್ ಕೋಟಿಂಗ್ ಇರುವ ಅಲ್ಯೂಮಿನಿಯಂ ಚೌಕಟ್ಟು ವಾಸಿ. ಮಲ್ಪೆ, ಪಣಂಬೂರು, ಉಳ್ಳಾಲದಷ್ಟು ಹತ್ತಿರವಾದರೆ ಸ್ಕ್ರೂ, ಹಿಂಜುಗಳನ್ನೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕೇಳಿ ತರಿಸಿ.

ಕೆಂಪುಕಲ್ಲಿನ ಗೋಡೆ ತೆರೆಯುವ ಕ್ರಮ

ಚಾವಡಿಗೂ ಊಟದ ಕೋಣೆಗೂ ನಡುವೆ, ಅಥವಾ ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಐದಾರು ಅಡಿ ತೆರೆದರೆ ಮನೆಯ ನಡೆಯೇ ಬದಲಾಗುತ್ತದೆ. ಗೋಡೆ ಪೂರ್ತಿ ತೆಗೆಯುವ ಅಗತ್ಯವಿಲ್ಲ. ಬದಿಗಳಲ್ಲಿ ಎರಡು ಮೂರು ಅಡಿ ಗೋಡೆ ಉಳಿದರೆ ಭಾರಕ್ಕೂ ಆಧಾರ, ಸ್ವಿಚ್‌ಬೋರ್ಡಿಗೂ ಜಾಗ. ಮೂಲೆಯಿಂದ ಎರಡು ಅಡಿಯೊಳಗೆ ಎಂದೂ ತೆರೆಯಬಾರದು. ಒಂದು ಗೋಡೆಯಲ್ಲಿರುವ ಬಾಗಿಲು, ಕಿಟಕಿ, ಹೊಸ ತೆರಪು ಎಲ್ಲ ಸೇರಿ ಗೋಡೆಯ ಉದ್ದದ ಅರ್ಧ ಮೀರಬಾರದು.

ಕೆಲಸ ಹೀಗೆ ಸಾಗಬೇಕು. ತೆರಪಿನ ಮೇಲ್ಭಾಗದಲ್ಲಿ, ಹೊಸ ಲಿಂಟಲ್ (ತೆರಪಿನ ಮೇಲೆ ಭಾರ ಹೊರುವ ಅಡ್ಡತೊಲೆ) ಬರುವ ಜಾಗಕ್ಕಿಂತ ಒಂದು ಸಾಲು ಮೇಲೆ, ಎರಡು ಮೂರಡಿಗೊಂದರಂತೆ ಗೋಡೆಗೆ ತೂತು ಮಾಡಿ ಗಟ್ಟಿ ಸ್ಟೀಲ್ ತೊಲೆಗಳನ್ನು ಅಡ್ಡ ತೂರಿಸುತ್ತಾರೆ. ಆ ತೊಲೆಗಳ ಎರಡೂ ತುದಿಗೆ ಜಾಕಿ ಕೊಟ್ಟು, ಜಾಕಿಯ ಕೆಳಗೆ ದಪ್ಪ ಹಲಗೆ ಹಾಸುತ್ತಾರೆ. ಮೇಲಿನ ಭಾರವೆಲ್ಲ ಈಗ ಜಾಕಿಗಳ ಮೇಲೆ. ನಂತರ ಗೋಡೆಯ ಒಂದು ಮೈಯಲ್ಲಿ ಅರ್ಧ ದಪ್ಪಕ್ಕೆ ಮಾತ್ರ ಗಾಡಿ ಕೊರೆದು ಲಿಂಟಲಿನ ಮೊದಲ ಸ್ಟೀಲ್ ಜಾಯಿಸ್ಟ್ (ತೊಲೆ) ಕೂರಿಸಿ, ಮೇಲಿನ ಸಂದಿಗೆ ಒಣ ಗಾರೆ ಬಿಗಿಯಾಗಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಮೈಯಲ್ಲಿ ಎರಡನೆಯದು. ಕೆಂಪುಕಲ್ಲು ಮೆದು. ಹಾಗಾಗಿ ಲಿಂಟಲಿನ ತುದಿ ಎರಡೂ ಕಡೆ ಕನಿಷ್ಠ ಒಂಬತ್ತು ಇಂಚು ಗೋಡೆಯ ಮೇಲೆ ಕೂರಬೇಕು, ಅದರ ಕೆಳಗೆ ಕಾಂಕ್ರೀಟಿನ ಒಂದು ದಿಂಬು ಇರಬೇಕು. ಇಷ್ಟಾದ ಮೇಲೆಯೇ ಕೆಳಗಿನ ಕಲ್ಲು ತೆಗೆಯುವುದು, ಅದೂ ಮೇಲಿನಿಂದ ಕೆಳಗೆ, ಕಟ್ಟರ್ ಮೆಷಿನಿನಿಂದ. ಪಿಕ್ಕಾಸಿನಿಂದ ಹೊಡೆದರೆ ಪಕ್ಕದ ಕಲ್ಲುಗಳ ಮಣ್ಣಿನ ಗಾರೆ ಸಡಿಲವಾಗಿ, ಬಿರುಕು ಆರು ತಿಂಗಳ ನಂತರ ಕಾಣುತ್ತದೆ. ಸ್ಟೀಲಿನ ಬದಲು ಅಲ್ಲೇ ಕಾಂಕ್ರೀಟ್ ಎರೆದರೆ ಜಾಕಿಗಳು ಕನಿಷ್ಠ ಎರಡು ವಾರ ಕದಲಬಾರದು.

ಮೇಸ್ತ್ರಿ ಜಾಕಿ ಬೇಡ, ಎರಡು ಕಂಬ ಕೊಟ್ಟರೆ ಸಾಕು ಎಂದರೆ ಆ ದಿನ ಕೆಲಸ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ.

ತೆಗೆದ ಕೆಂಪುಕಲ್ಲನ್ನು ಜೋಪಾನ ಮಾಡಿ. ಮಳೆಗಾಲದಲ್ಲಿ ಹೊಸ ಕಲ್ಲು, ಮರಳು ಎರಡೂ ಸುಲಭಕ್ಕೆ ಸಿಗುವುದಿಲ್ಲ. ಹಳೆ ಕಲ್ಲಿನಿಂದಲೇ ಅಂಗಳದ ಕಟ್ಟೆ, ಬಾವಿಕಟ್ಟೆಯ ರಿಪೇರಿ ಆಗುತ್ತದೆ.

ಅಡುಗೆಮನೆ, ಬಚ್ಚಲು, ಬಟ್ಟೆ ಒಣಗಿಸುವ ಜಾಗ

ಒಲೆಯ ಮಸಿ ಹಿಡಿದ ಅಡುಗೆಮನೆಗೆ ಮೊದಲು ಬೇಕಾದ್ದು ಹೊಗೆ ಹೋಗುವ ದಾರಿ, ನಂತರ ಬೆಳಕು, ಆಮೇಲೆ ಮಾಡ್ಯುಲರ್ ಕಪಾಟು. ತೊಳೆಯುವ ಸಿಂಕ್ ಕಿಟಕಿಯ ಕೆಳಗೇ ಇರಲಿ. ಕಟ್ಟೆಯ ಎತ್ತರವನ್ನು ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆಯಿರಿ. ಮೊಣಕೈಗಿಂತ ನಾಲ್ಕು ಇಂಚು ಕೆಳಗೆ ಬಂದರೆ ಬೆನ್ನಿಗೆ ಹಿತ. ಕಡೆಯುವ ಕಲ್ಲು, ಕಾಯಿ ತುರಿಯುವುದು, ಮೀನು ಮಾಡುವುದು, ಹಲಸಿನ ಹಣ್ಣು ಬಿಡಿಸುವುದು ಇವೆಲ್ಲಕ್ಕೆ ಹಿಂದಿನ ಜಗಲಿಯಲ್ಲಿ ನೀರು, ಚರಂಡಿ ಇರುವ ಒಂದು ಕೆಲಸದ ಜಾಗ ಮಾಡಿಕೊಟ್ಟರೆ ಒಳಗಿನ ಅಡುಗೆಮನೆ ಸಣ್ಣದಾದರೂ ಸಾಕಾಗುತ್ತದೆ. ನಮ್ಮ ಊಟದ ಕ್ರಮಕ್ಕೆ ಹೊಂದುವುದು ಇದು. ತೆರೆದ ಅಡುಗೆಮನೆಯ ಫ್ಯಾಶನ್ನಿಗೆ ಬಿದ್ದು ಮೀನಿನ ವಾಸನೆಯನ್ನು ಚಾವಡಿಗೆ ತರುವ ಅಗತ್ಯ ಯಾರಿಗೂ ಇಲ್ಲ.

ಮಕ್ಕಳು ಹೊರಗಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಬಹಳ. ಅಂಗಳ ದಾಟಿ ಹೋಗುವ ಬಚ್ಚಲನ್ನು ಮಲಗುವ ಕೋಣೆಗೆ ಸೇರಿಸುವುದು ಬೇರೆಲ್ಲ ಅಲಂಕಾರಕ್ಕಿಂತ ಮೊದಲಿನ ಕೆಲಸ. ಬಾಗಿಲು 32 ಇಂಚು ತೆರೆಯಲಿ, ಹೊರಮುಖವಾಗಿ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಮುಖದ ಬಾಗಿಲು ತೆರೆಯಲು ಆಗುವುದಿಲ್ಲ. ಹೊಸ್ತಿಲು ಬೇಡ, ಅಡಿಗೆ ಕಾಲು ಇಂಚಿನ ಇಳಿಜಾರು ಸಾಕು. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಹಿಡಿಗಳನ್ನು ಗೋಡೆಯ ಗಟ್ಟಿ ಕಲ್ಲಿಗೇ ಕೂರಿಸಿ, ಟೈಲ್ಸಿಗಲ್ಲ.

ನಾಲ್ಕು ತಿಂಗಳು ಬಟ್ಟೆ ಒಣಗಿಸುವುದು ಎಲ್ಲಿ? ನಕ್ಷೆ ಬರೆಯುವವರು ಮರೆಯುವ ಪ್ರಶ್ನೆ ಇದು. ಮರೆತರೆ ಹೊಸ ಚಾವಡಿಯ ಕುರ್ಚಿಗಳ ಮೇಲೆ ಒದ್ದೆ ಬಟ್ಟೆ ಬರುತ್ತದೆ. ಮೂಡಣ ಬದಿಯಲ್ಲಿ, ಮೇಲೆ ಪಾರದರ್ಶಕ ಶೀಟು, ಬದಿಗೆ ಜಾಲಿ ಇರುವ ಆರು ಅಡಿ ಅಗಲದ ಜಾಗ ಸಾಕು. ಬೇಸಿಗೆಯಲ್ಲಿ ಅಲ್ಲೇ ಹಪ್ಪಳ, ಸಂಡಿಗೆ, ಅಡಿಕೆ ಒಣಗುತ್ತವೆ.

ವಿದ್ಯುತ್ತಿನದ್ದು ಚುಟುಕಾಗಿ: ಗೋಡೆ ತೆರೆದಾಗಲೇ ಹಳೆ ವಯರಿಂಗ್ ಪೂರ್ತಿ ಬದಲಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿ. ಗುಡುಗು ಮಿಂಚಿನ ನಮ್ಮೂರಿಗೆ ಸರ್ಜ್ ಪ್ರೊಟೆಕ್ಟರೂ ಬೇಕು.

ಬಣ್ಣ, ನೆಲ, ಮರ

ಒಳಗೋಡೆಗಳಿಗೆ ಬಿಳಿ ಅಥವಾ ಬಹಳ ತಿಳಿಯಾದ ಬಣ್ಣ. ಕೆಂಪುಕಲ್ಲಿನ ಗೋಡೆ ತೇವ ಹೀರಿ ಬಿಡುತ್ತಿರುತ್ತದೆ. ಅದರ ಮೇಲೆ ಎನಾಮಲ್ ಅಥವಾ ಪ್ಲಾಸ್ಟಿಕ್ಕಿನಂಥ ದಪ್ಪ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಪದರ ಏಳುತ್ತದೆ. ಸುಣ್ಣದ ಸಾರಣೆ, ಸುಣ್ಣದ ಬಣ್ಣ ಈಗಲೂ ಉತ್ತಮ. ಹೊಸ ಸಿಮೆಂಟ್ ಸಾರಣೆಯಾದರೆ ಬಣ್ಣಕ್ಕೆ ಮೊದಲು ಸುಮಾರು ನಾಲ್ಕು ವಾರ ಒಣಗಲು ಬಿಡಿ.

ಮರದ ಮುಚ್ಚಿಗೆಗೆ ಬಿಳಿ ಬಣ್ಣ ಬಳಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಮ್ಮೆ ಬಳಿದರೆ ಆ ಮರ ಮತ್ತೆ ಕಾಣುವುದಿಲ್ಲ. ತೊಳೆದು, ಒಣಗಿಸಿ, ಗೆದ್ದಲಿನ ಮದ್ದು ಕೊಟ್ಟು, ಎಣ್ಣೆ ಹಚ್ಚಿದರೆ ಸಾಕು. ಬೆಳಕಿನ ಕೊರತೆಯನ್ನು ಗೋಡೆ ತುಂಬಿಕೊಡುತ್ತದೆ. ಮಾಡಿನ ಕೆಳಗೆ ಪಿವಿಸಿ ಸೀಲಿಂಗ್ ಕಟ್ಟಿಸಿ ಎತ್ತರ ಕಳೆದುಕೊಳ್ಳುವುದೂ ನನಗೆ ಸರಿಕಾಣುವುದಿಲ್ಲ. ಕೋಣೆ ಕುಗ್ಗುತ್ತದೆ, ಮೇಲೆ ಇಲಿಗಳಿಗೆ ಬಿಡಾರವಾಗುತ್ತದೆ, ಸೋರಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ಪಕ್ಕಾಸು ಹಾಳಾಗಿರುತ್ತದೆ. ಸೆಖೆ ತಡೆಯಲು ಹಂಚಿನ ಕೆಳಗೆ ಸೀಲಿಂಗ್ ಹಂಚು ಕೂರಿಸುವ ಡಬಲ್ ಹಂಚಿನ ಕ್ರಮ ಇದೆ, ಅದನ್ನೇ ಮಾಡಿ. ಹಿಂಬದಿಯ ಹಳೆಯ ಸಿಮೆಂಟ್ ಶೀಟುಗಳನ್ನು ತೆಗೆಯುವಾಗ ಕತ್ತರಿಸಬೇಡಿ, ಒಡೆಯಬೇಡಿ. ಅವುಗಳಲ್ಲಿ ಕಲ್ನಾರು ಇರಬಹುದು, ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಇಡಿಯಾಗಿ ಇಳಿಸಬೇಕು.

ಗಟ್ಟಿಯಿರುವ ಕಾವಿ ನೆಲವನ್ನು ಉಳಿಸಿ. ಟೈಲ್ಸ್ ಹಾಕುವುದೇ ಆದರೆ ಹೊಳಪಿಲ್ಲದ್ದು ಇರಲಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ನುಣುಪಾದ ಟೈಲ್ಸಿನ ಮೇಲೆ ವಯಸ್ಸಾದವರು ಜಾರುತ್ತಾರೆ.

ಕ್ಯಾಲೆಂಡರ್ ಮತ್ತು ಕಂತು

ನಕ್ಷೆ, ಒಪ್ಪಿಗೆ, ಮರ, ಹಂಚು ಗೊತ್ತುಮಾಡುವುದು ಮಳೆಗಾಲದಲ್ಲೇ ಆಗಲಿ. ಸೋರುವ ಜಾಗಗಳೂ ಆಗಲೇ ಕಾಣುತ್ತವೆ. ದೀಪಾವಳಿ ಕಳೆದ ಕೂಡಲೇ ಗೋಡೆ ಕೆಲಸ ಶುರು. ಶಿವರಾತ್ರಿಯೊಳಗೆ ತೆರಪು, ಲಿಂಟಲ್, ಪೈಪು, ವಯರಿಂಗ್ ಮುಗಿಯಬೇಕು. ಮಾಡು ಬಿಚ್ಚುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಅದೂ ಒಂದು ಸಲಕ್ಕೆ ಒಂದೇ ಇಳಿಜಾರು. ಏಪ್ರಿಲ್ ಮಧ್ಯದ ಬಿಸು ಹಬ್ಬದ ಹೊತ್ತಿಗೆ ಹಂಚು ಮೇಲಿರಲಿ, ಏಪ್ರಿಲ್‌ನ ಗುಡುಗುಮಳೆ ಹೇಳಿ ಬರುವುದಿಲ್ಲ. ಬಣ್ಣ ಮುಗಿದು ಮನೆಯೊಳಗೆ ಕೂರಲು ಮೇ ಕೊನೆಯ ಪತ್ತನಾಜೆಯೇ (ತುಳುನಾಡಿನ ಕೋಲ, ಜಾತ್ರೆಗಳಿಗೆ ತೆರೆ ಬೀಳುವ ದಿನ) ಗಡು. ನಡುವೆ ಕೋಲ, ಜಾತ್ರೆ, ಮದುವೆಗಳಿಗೆ ಕೆಲಸದವರು ರಜೆ ಹಾಕುತ್ತಾರೆ. ಹಾಗಾಗಿ ಕಾಂಟ್ರಾಕ್ಟರ್ ಹೇಳಿದ ದಿನಗಳಿಗೆ ಮೂರನೇ ಒಂದು ಪಾಲು ಸೇರಿಸಿಯೇ ಲೆಕ್ಕ ಹಾಕಿ. ದುಡ್ಡಿನ ಲೆಕ್ಕಕ್ಕೂ ಹೀಗೆಯೇ ಮಾಡಿ. ಹಳೆ ಗೋಡೆ ಒಡೆದ ಮೇಲೆ, ಹಳೆ ಮಾಡು ಬಿಚ್ಚಿದ ಮೇಲೆ ಏನೋ ಒಂದು ಹೊಸ ಖರ್ಚು ಎದುರಾಗುತ್ತದೆ.

ಕರಾರು ಬಾಯಿಮಾತಿನಲ್ಲಿ ಬೇಡ. ಹಂತ ಹಂತಕ್ಕೆ ಎಷ್ಟು ಹಣ ಎಂದು ಬರೆಯಿರಿ. ಹತ್ತರಲ್ಲಿ ಒಂದು ಪಾಲನ್ನು ಜೂನ್ ಕೊನೆಯವರೆಗೆ ಉಳಿಸಿಕೊಳ್ಳುವ ಷರತ್ತನ್ನು ಮೊದಲೇ ಹಾಕಿ. ಮೊದಲ ಜೋರು ಮಳೆ ಬಂದ ದಿನ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ. ಗಾಜಿನ ಹಂಚಿನ ಸುತ್ತ, ಮಾಡುಗಳು ಕೂಡುವ ಕಣಿವೆಯಲ್ಲಿ, ಗೋಡೆಗೂ ಮಾಡಿಗೂ ನಡುವಿನ ಸಂದಿನಲ್ಲಿ, ಹೊಸ ಕಿಟಕಿಯ ಕೆಳಮೂಲೆಗಳಲ್ಲಿ ಕೈಯಾಡಿಸಿ ನೋಡಿ. ಒದ್ದೆ ಸಿಕ್ಕಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಫೋಟೋ ತೆಗೆದು, ಕೆಲಸ ಮಾಡಿದವರನ್ನೇ ಕರೆಸಿ. ಕೊನೆಯ ಕಂತು ಅದಾದ ಮೇಲೆ. ಉಳಿದ ಹಂಚು, ಎರಡು ಗಾಜಿನ ಹಂಚು, ನೆಲದ ನಾಲ್ಕಾರು ಟೈಲ್ಸ್ ಅಟ್ಟದಲ್ಲೇ ಇರಲಿ. ಐದು ವರ್ಷ ಕಳೆದು ಹುಡುಕಿದರೆ ಅದೇ ಅಚ್ಚು, ಅದೇ ಬಣ್ಣ ಸಿಗುವುದು ಕಷ್ಟ.